ಬಂಡೆ ಹತ್ತುವ ಕೈಗೆ ನೆಲ ತಳ್ಳುವ ಪಾಠ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆಲ್ಲ ರಾಮನಗರದ ಬಂಡೆ ಕಾದುಬಿಡುತ್ತದೆ. ಅಷ್ಟರೊಳಗೆ ಹಗ್ಗ ಸುತ್ತಿಕೊಂಡು ಇಳಿದು ಬಂದವರು ರಸ್ತೆ ಬದಿಯ ಹೋಟೆಲಿನ ಮುಂದೆ ತಟ್ಟೆ ಇಡ್ಲಿಗೆ ಕಾಯುತ್ತ ನಿಂತಿರುತ್ತಾರೆ. ಅವರಲ್ಲಿ ಹಳಬರು ಯಾರು, ಹೊಸಬರು ಯಾರು ಎಂದು ಬೆನ್ನು ನೋಡಿಯೇ ಹೇಳಬಹುದು. ಹತ್ತು ಹದಿನೈದು ವರ್ಷ ಬಂಡೆ ಹತ್ತಿದವರ ಬೆನ್ನು ಮೇಲ್ಗಡೆ ಅಗಲವಾಗಿ, ತುಸು ಗೂನಾಗಿ ಇರುತ್ತದೆ. ಹೆಗಲು ಎದೆಯ ಕಡೆಗೆ ಮಡಚಿಕೊಂಡಿರುತ್ತದೆ. ಕೈ ಜೋತುಬಿಟ್ಟಾಗ ಅಂಗೈ ತೊಡೆಯತ್ತ ಇರದೆ ಹಿಂದಕ್ಕೆ ತಿರುಗಿರುತ್ತದೆ. ಜರ್ಮನಿಯ ಕ್ರೀಡಾವೈದ್ಯರು 2009ರಲ್ಲಿ ಈ ಬೆನ್ನಿಗೆ ‘ಕ್ಲೈಂಬರ್ಸ್ ಬ್ಯಾಕ್’ ಎಂಬ ಹೆಸರನ್ನೇ ಕೊಟ್ಟರು. ಕಠಿಣ ದಾರಿಗಳನ್ನು ಹತ್ತುವ ಪುರುಷರನ್ನು ಹವ್ಯಾಸಕ್ಕೆ ಹತ್ತುವವರ ಪಕ್ಕ ನಿಲ್ಲಿಸಿ ಅಳೆದಾಗ, ಮೊದಲನೆಯವರಲ್ಲಿ ಬೆನ್ನಿನ ಮೇಲ್ಭಾಗದ ಬಾಗೂ ಸೊಂಟದ ಒಳಬಾಗೂ ಹೆಚ್ಚಾಗಿದ್ದವು, ಎದೆಯ ಸ್ನಾಯು ಬಿಗಿದುಕೊಂಡಿತ್ತು.

ನನ್ನ ಬೆನ್ನೂ ಹಾಗೆಯೇ ಆಗಿದ್ದರಿಂದ ಈ ವಿಷಯ ನನಗೆ ದೂರದ್ದಲ್ಲ. ತುರಹಳ್ಳಿಯ ಬಂಡೆಗಳಲ್ಲಿ ಹತ್ತುತ್ತ ಕಳೆದ ವರ್ಷಗಳ ಕೊನೆಗೆ ಬಲ ಹೆಗಲಿನಲ್ಲಿ ನೋವು ಶುರುವಾಯಿತು. ಅಟ್ಟದ ಮೇಲಿನ ಡಬ್ಬ ತೆಗೆಯಲು ಕೈ ಎತ್ತಿದರೆ ಚುಚ್ಚುತ್ತಿತ್ತು. ಜೊತೆಗೆ ಹತ್ತುತ್ತಿದ್ದವರೆಲ್ಲ ಹೇಳಿದ್ದು ಒಂದೇ ಮಾತು: ಹ್ಯಾಂಡ್‌ಸ್ಟ್ಯಾಂಡ್ ಶುರುಮಾಡು. ಕ್ಲೈಂಬಿಂಗ್ ಗೋಡೆ ಇರುವ ಊರುಗಳಲ್ಲೆಲ್ಲ ಈಗ ಈ ಸಲಹೆ ಕೇಳಿಸುತ್ತದೆ. ಹತ್ತಿ ಸುಸ್ತಾದವರು ಮೂಲೆಯಲ್ಲಿ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತಿರುವುದು ಸಾಮಾನ್ಯ ನೋಟ. ಹೆಗಲು ಗಟ್ಟಿಯಾಗುತ್ತದೆ, ಎಳೆಯುವ ಮತ್ತು ತಳ್ಳುವ ಸ್ನಾಯುಗಳು ಸಮವಾಗುತ್ತವೆ, ಮಣಿಕಟ್ಟು ಬಲಿಯುತ್ತದೆ, ಹೊಟ್ಟೆ ಬಿಗಿಯುತ್ತದೆ, ಸಮತೋಲನ ಬರುತ್ತದೆ, ಬೀಳುವ ಭಯ ಹೋಗುತ್ತದೆ ಎಂದು ಅದರ ಹೆಸರಿನಲ್ಲಿ ಹೇಳುವ ಲಾಭಗಳು ಬಹಳ. ಇವುಗಳಲ್ಲಿ ಒಂದು ಲಾಭ ಬೇರೆಲ್ಲಕ್ಕಿಂತ ದೊಡ್ಡದು, ಒಂದಷ್ಟು ಅರ್ಧ ಸತ್ಯ, ಇನ್ನೊಂದು ನೇರವಾಗಿ ತಪ್ಪು. ಅವನ್ನು ಬಿಡಿಸಿ ನೋಡುವ ಕೆಲಸ ಇಲ್ಲಿಯದು.

ದೊಡ್ಡ ಲಾಭದಿಂದಲೇ ಶುರುಮಾಡುತ್ತೇನೆ.

ಕೈಯನ್ನು ಪಕ್ಕದಿಂದ ನೆತ್ತಿಯ ಮೇಲಕ್ಕೆ ಎತ್ತುವುದು ಒಂದು ಕೀಲಿನ ಕೆಲಸವೆಂದು ತೋರುತ್ತದೆ, ಆದರೆ ಅದು ಇಬ್ಬರು ಕೂಡಿ ಮಾಡುವ ಕೆಲಸ. ಅಮೆರಿಕದ ಇನ್‌ಮನ್ ಮತ್ತು ಸಂಗಡಿಗರು 1944ರಲ್ಲಿ ತೋರಿಸಿದ ಲೆಕ್ಕದಲ್ಲಿ, 180 ಡಿಗ್ರಿ ಏರುವ ಕೈಗೆ ಹೆಗಲ ಕೀಲು ಕೊಡುವುದು ಸುಮಾರು 120 ಡಿಗ್ರಿ. ಉಳಿದ 60 ಡಿಗ್ರಿಯನ್ನು ಬೆನ್ನಿನ ಮೇಲಿರುವ ಹೆಗಲಹಲಗೆ, ಅಂದರೆ ವೈದ್ಯರು ಸ್ಕ್ಯಾಪುಲಾ ಎನ್ನುವ ಆ ತ್ರಿಕೋನದ ಮೂಳೆ, ತಾನು ತಿರುಗಿ ಕೊಡಬೇಕು. ಹಲಗೆಯನ್ನು ತಿರುಗಿಸುವ ಸ್ನಾಯುಗಳಲ್ಲಿ ಮುಖ್ಯವಾದವು ಎರಡು. ಒಂದು, ಕತ್ತಿನಿಂದ ನಡುಬೆನ್ನಿನವರೆಗೆ ಹಾಸಿದ ಟ್ರಪೀಜಿಯಸ್. ಇನ್ನೊಂದು, ಪಕ್ಕೆಲುಬುಗಳ ಮೇಲೆ ಗರಗಸದ ಹಲ್ಲಿನಂತೆ ಹರಡಿಕೊಂಡಿರುವ ಸೆರೇಟಸ್. ಇವು ಸೋತರೆ ಹಲಗೆ ತಿರುಗುವುದು ಕಡಿಮೆಯಾಗುತ್ತದೆ, ಕೈ ಮಾತ್ರ ಮೇಲೇರುತ್ತದೆ, ನಡುವಿನ ಇಕ್ಕಟ್ಟಿನಲ್ಲಿ ಸ್ನಾಯುರಜ್ಜುಗಳು ಉಜ್ಜಿಕೊಳ್ಳುತ್ತವೆ. ಅಟ್ಟದ ಡಬ್ಬಕ್ಕೆ ಕೈ ಚಾಚಿದಾಗ ಚುಚ್ಚುವ ನೋವಿಗೆ ಇದೂ ಒಂದು ಕಾರಣ.

ಈಗ ಕ್ಲೈಂಬರ್‌ನ ಹೆಗಲನ್ನು ನೋಡಿ. ಅವನ ಕೈ ದಿನವಿಡೀ ನೆತ್ತಿಯ ಮೇಲೇ ಇರುತ್ತದೆ. ಆದರೆ ಪ್ರತಿ ಸಲವೂ ಅದು ಎಳೆಯುತ್ತಿರುತ್ತದೆ. ತೂಗಿದಾಗ ಮೈಭಾರ ಹೆಗಲನ್ನು ಕಿವಿಯತ್ತ ಜಗ್ಗುತ್ತದೆ, ಅವನು ಅದನ್ನು ಕೆಳಕ್ಕೆ ಎಳೆದು ಹಿಡಿಯುತ್ತಾನೆ. ಕಲಿಸುವವರು ಹೇಳುವುದೂ ಅದನ್ನೇ, ‘ಹೆಗಲು ಕೆಳಗೆ ಇಳಿಸು, ಸಡಿಲ ಬಿಡಬೇಡ’ ಎಂದು. ಆ ಮಾತು ಸರಿಯಾದದ್ದೇ, ಸಡಿಲ ಹೆಗಲಿನಲ್ಲಿ ತೂಗಿದವರ ಕೀಲು ಬೇಗ ಹಾಳಾಗುತ್ತದೆ. ಆದರೆ ಸಾವಿರ ಸಲ ಕೆಳಕ್ಕೆ ಎಳೆಯುವುದನ್ನೇ ಕಲಿತ ಹೆಗಲು ಮೇಲಕ್ಕೆ ಎತ್ತುವುದನ್ನು ಮರೆಯುತ್ತದೆ. ಬೆನ್ನಿನ ಎರಡು ಪಕ್ಕದ ಅಗಲ ಸ್ನಾಯು, ಜಿಮ್ಮಿನವರು ಲ್ಯಾಟ್ಸ್ ಎನ್ನುವುದು, ದಪ್ಪವಾಗುತ್ತ ಬಿಗಿಯಾಗುತ್ತ ಕೈಯನ್ನು ಕೆಳಗಿನಿಂದ ಹಿಡಿದು ಜಗ್ಗುತ್ತದೆ.

ಕೈ ಮೇಲೆ ನಿಂತಾಗ ಇದೆಲ್ಲ ತಿರುವುಮುರುವಾಗುತ್ತದೆ. ಕೈಯ ಕೋನ ಅದೇ, ತೂಗುವಾಗ ಇದ್ದಂತೆ ನೆತ್ತಿಯ ಮೇಲೆ ನೇರ. ಆದರೆ ಈಗ ಮೈಭಾರ ಎರಡು ತೋಳುಗಳ ನಡುವೆ ಕುಸಿಯಲು ನೋಡುತ್ತದೆ, ಹೆಗಲನ್ನು ಕಿವಿಯಿಂದ ದೂರ ತಳ್ಳುತ್ತದೆ. ಅದನ್ನು ತಡೆಯಲು ನೆಲವನ್ನು ತಳ್ಳುತ್ತಲೇ ಹೆಗಲನ್ನು ಕಿವಿಗೆ ತಾಗುವಷ್ಟು ಎತ್ತಿ ಹಿಡಿಯಬೇಕು. ಟ್ರಪೀಜಿಯಸ್ಸೂ ಸೆರೇಟಸ್ಸೂ ಇಡೀ ಮೈಯ ತೂಕದ ಕೆಳಗೆ, ಪೂರ್ತಿ ಮೇಲೆತ್ತಿದ ಕೈಯ ಸ್ಥಿತಿಯಲ್ಲಿ ದುಡಿಯುವ ಅವಕಾಶ ಬಂಡೆ ಹತ್ತುವವರಿಗೆ ಇಲ್ಲಿಯಂತೆ ಬೇರೆಲ್ಲೂ ಸಿಗದು. ದಂಡ ಹೊಡೆಯುವಾಗ ಕೈ ಎದೆಯ ಮುಂದಿರುತ್ತದೆ. ಬಾರಿನ ಮೇಲೆ ಡಿಪ್ಸ್ ಹೊಡೆಯುವಾಗ ಕೈ ಸೊಂಟದ ಪಕ್ಕದಲ್ಲಿರುತ್ತದೆ. ತಳ್ಳುವ ವ್ಯಾಯಾಮ ಎಂದು ಇವೆರಡನ್ನೇ ಮಾಡಿ ಮುಗಿಸುವ ಕ್ಲೈಂಬರ್‌ಗಳು ಬಹಳ ಜನ. ಅವರ ಎದೆಯ ಸ್ನಾಯು ಇನ್ನಷ್ಟು ಬಿಗಿಯಾಗಿ ಹೆಗಲು ಇನ್ನಷ್ಟು ಮುಂದಕ್ಕೆ ಬರುವುದನ್ನು ನಾನು ನೋಡಿದ್ದೇನೆ. ಹ್ಯಾಂಡ್‌ಸ್ಟ್ಯಾಂಡ್‌ನ ಬೆಲೆ ಇರುವುದು ಬರೀ ತಳ್ಳುವುದರಲ್ಲಿ ಅಲ್ಲ, ನೆತ್ತಿಯ ಮೇಲಿಂದ ತಳ್ಳುವುದರಲ್ಲಿ.

ನಿಮ್ಮ ಹೆಗಲಿನ ಸ್ಥಿತಿ ತಿಳಿಯಲು ತಲೆಕೆಳಗಾಗಬೇಕಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಸೊಂಟವನ್ನೂ ಪಕ್ಕೆಲುಬನ್ನೂ ಗೋಡೆಗೆ ಒತ್ತಿ ಹಿಡಿದು, ಮೊಣಕೈ ಬಾಗಿಸದೆ ಎರಡೂ ಕೈ ಎತ್ತಿ ಹೆಬ್ಬೆರಳಿನಿಂದ ಗೋಡೆ ಮುಟ್ಟಿ. ಸೊಂಟ ಗೋಡೆ ಬಿಟ್ಟು ಮುಂದಕ್ಕೆ ಬಂದರೆ ನಿಮ್ಮ ಕೈ ಮೇಲೇರಿದ್ದು ಹೆಗಲಿನಿಂದಲ್ಲ, ಸೊಂಟವನ್ನು ಬಳುಕಿಸಿ. ಅಂಥವರು ಕೈ ಮೇಲೆ ನಿಂತರೆ ಮೈ ಬಾಳೆಹಣ್ಣಿನಂತೆ ಬಾಗುತ್ತದೆ. ನೇರ ನಿಲ್ಲಲು ಮಾಡುವ ಪ್ರತಿ ಪ್ರಯತ್ನವೂ ಆ ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತದೆ. ಬರೀ ಎಳೆದು ಹಿಗ್ಗಿಸುವುದಕ್ಕಿಂತ ತೂಕ ಹೊರಿಸಿ ಹಿಗ್ಗಿಸಿದ ಚಲನೆ ಮೈಯಲ್ಲಿ ಹೆಚ್ಚು ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಹಾಗಾದರೆ ಇದು ಹೊಸ ಕಾಲದ ಜಿಮ್ಮುಗಳ ಆವಿಷ್ಕಾರವೇ? ಹಳೆಯದನ್ನು ಕೆದಕಿದರೆ ಬೇರೆಯೇ ಕಾಣುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಾಡಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. ಎನ್.ಇ. ಷೋಮನ್ 1996ರಲ್ಲಿ ಆ ಚಿತ್ರಗಳನ್ನು ಪುಸ್ತಕವಾಗಿ ಹೊರತಂದ ಮೇಲೆ ಜಗತ್ತಿನ ಕಣ್ಣಿಗೆ ಅವು ಬಿದ್ದವು. ಅದರಲ್ಲಿ ಕೈ ಮೇಲೆ ನಿಲ್ಲುವ ಭಂಗಿಗಳಿವೆ, ಹಗ್ಗ ಹಿಡಿದು ಮಾಡುವ ಭಂಗಿಗಳೂ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಜೋಡಿ. ಹಗ್ಗ ಎಳೆಯುವುದನ್ನೂ ನೆಲ ತಳ್ಳುವುದನ್ನೂ ಅರಮನೆಯವರು ಒಂದೇ ಹೊತ್ತಗೆಯಲ್ಲಿ ಇಟ್ಟಿದ್ದರು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರು ತಮ್ಮ ‘ಯೋಗ ಮಕರಂದ’ವನ್ನು 1934ರಲ್ಲಿ ಕನ್ನಡದಲ್ಲೇ ಪ್ರಕಟಿಸಿದರು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, 1966ರ ‘ಲೈಟ್ ಆನ್ ಯೋಗ’ದಲ್ಲಿ ಈ ಭಂಗಿಯನ್ನು ಅಧೋಮುಖ ವೃಕ್ಷಾಸನ ಎಂದು ಕರೆದರು, ತಲೆಕೆಳಗಾದ ಮರ. ಅಯ್ಯಂಗಾರ್ ಪದ್ಧತಿಯ ಯೋಗಶಾಲೆಗಳಿಗೆ ಹೋದವರಿಗೆ ಗೊತ್ತು, ಅಲ್ಲಿ ಗೋಡೆಗೆ ಹಗ್ಗಗಳನ್ನು ಕಟ್ಟಿರುತ್ತಾರೆ. ಅದೇ ಗೋಡೆಗೆ ಕಾಲು ಕೊಟ್ಟು ಕೈ ಮೇಲೆ ನಿಲ್ಲುತ್ತಾರೆ.

ಉತ್ತರ ಕರ್ನಾಟಕದ ಮಲ್ಲಗಂಬದಲ್ಲೂ ಇದೇ ಜೋಡಿ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಕಂಬದ ಮಾತು ಬರುತ್ತದೆ. ಕಂಬ ಏರುವ, ಹಗ್ಗ ಏರುವ ಹುಡುಗರೇ ಕಂಬದ ನೆತ್ತಿಯ ಮೇಲೆ ತಲೆಕೆಳಗಾಗಿ ನಿಲ್ಲುತ್ತಾರೆ, ಎರಡೂ ಒಂದೇ ಪಾಠದ ಭಾಗ. ಯುರೋಪಿನ ಜಿಮ್ನಾಸ್ಟಿಕ್ಸ್ ಕೂಡ ಹಾಗೆಯೇ ಇತ್ತು. ಹಗ್ಗ ಏರುವುದು 1896, 1904, 1924 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ಜಿಮ್ನಾಸ್ಟಿಕ್ಸ್‌ನ ಸ್ಪರ್ಧೆಯಾಗಿತ್ತು, ಆಮೇಲೆ ಕೈಬಿಟ್ಟುಹೋಯಿತು. ಮುಂದೆ ಕ್ಲೈಂಬಿಂಗ್ ಒಲಿಂಪಿಕ್ಸ್‌ಗೆ ಬಂದಾಗ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ, ಅದು ಬೇರೆಯೇ ಮನೆ ಕಟ್ಟಿಕೊಂಡಿತ್ತು.

ಈ ಎರಡು ಮನೆಗಳ ನಡುವೆ ಬಾಗಿಲು ತೆರೆದಿಟ್ಟವರು ಜಾನ್ ಗಿಲ್. 1937ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ ಇವರು ವೃತ್ತಿಯಲ್ಲಿ ಗಣಿತಜ್ಞ. 1950ರ ದಶಕದಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಓದುವಾಗ ಜಿಮ್ನಾಸ್ಟಿಕ್ಸ್ ಕಲಿತರು, ಹಗ್ಗ ಏರುವುದರಲ್ಲಿ ಪಳಗಿದರು. ಜಿಮ್ನಾಸ್ಟರು ಕೈಗೆ ಹಚ್ಚಿಕೊಳ್ಳುತ್ತಿದ್ದ ಬಿಳಿ ಪುಡಿಯನ್ನು ಬಂಡೆಗೆ ತಂದವರು ಅವರೇ. ಇಂದು ಹಂಪಿಯ ಗುಂಡುಗಳ ಮೇಲೆ ಕಾಣುವ ಚಾಕ್ ಗುರುತುಗಳ ಮೂಲ ಅಲ್ಲಿದೆ. ಸಣ್ಣ ಗುಂಡುಕಲ್ಲು ಹತ್ತುವುದನ್ನು ಪರ್ವತಾರೋಹಣದ ತಾಲೀಮೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಅದು ಜಿಮ್ನಾಸ್ಟಿಕ್ಸ್‌ನ ಮುಂದುವರಿಕೆ ಎಂದು ಅವರು ವಾದಿಸಿದರು. 1969ರಲ್ಲಿ ಅಮೆರಿಕನ್ ಆಲ್ಪೈನ್ ಜರ್ನಲ್‌ನಲ್ಲಿ ಬಂದ ಅವರ ಬೌಲ್ಡರಿಂಗ್ ಲೇಖನ ಈ ಕಲೆಗೆ ಅಡಿಪಾಯ. 1961ರಲ್ಲಿ ದಕ್ಷಿಣ ಡಕೋಟಾದ ನೀಡಲ್ಸ್‌ನಲ್ಲಿ ಸುಮಾರು 30 ಅಡಿಯ ಥಿಂಬಲ್ ಎಂಬ ಕಲ್ಲನ್ನು ಹಗ್ಗವಿಲ್ಲದೆ ಹತ್ತಿದ ಮನುಷ್ಯ ಅವರು. ಅವರ ನಂತರ ಜಿಮ್ನಾಸ್ಟಿಕ್ಸ್ ಹಿನ್ನೆಲೆಯಿಂದ ಬಂದವರು ಅನೇಕರು. ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ದಾರಿಯನ್ನು 1993ರಲ್ಲಿ ಕೈಕಾಲುಗಳ ಬಲದಿಂದಲೇ ಹತ್ತಿ, ಮರುವರ್ಷ ಅದನ್ನೇ ಒಂದೇ ದಿನದಲ್ಲಿ ಮುಗಿಸಿದ ಲಿನ್ ಹಿಲ್ ಬಾಲ್ಯದಲ್ಲಿ ಜಿಮ್ನಾಸ್ಟ್. 2017ರಲ್ಲಿ ಸ್ಪೇನಿನ ‘ಲಾ ರಾಂಬ್ಲಾ’ ಹತ್ತಿ 9ಎ+ ದರ್ಜೆ ಮುಟ್ಟಿದ ಮೊದಲ ಮಹಿಳೆಯಾದ ಮಾರ್ಗೊ ಹೇಯ್ಸ್ ಕೂಡ ಹಾಗೆಯೇ.

ಈ ಹೆಸರುಗಳನ್ನು ಹ್ಯಾಂಡ್‌ಸ್ಟ್ಯಾಂಡ್‌ಗೆ ಸಾಕ್ಷಿಯಾಗಿ ನಿಲ್ಲಿಸುವುದು ವಾಡಿಕೆ. ನಾನು ಅದನ್ನು ಒಪ್ಪುವುದಿಲ್ಲ. ಎಳೆಯ ವಯಸ್ಸಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿತವರಿಗೆ ಬರುವ ಬಲ, ಬಾಗು, ಶಿಸ್ತು, ಗಾಳಿಯಲ್ಲಿ ಮೈಯ ಅರಿವು ಎಲ್ಲವೂ ಒಟ್ಟಿಗೆ ಬಂದವು. ಅದರಲ್ಲಿ ಒಂದು ಭಂಗಿಯನ್ನು ಕಿತ್ತು ತೆಗೆದು ಇದರಿಂದಲೇ ಆಯಿತು ಎನ್ನಲಾಗದು. ಕೈ ಮೇಲೆ ನಿಲ್ಲುವುದರ ಪರವಾಗಿ ನಿಲ್ಲುವ ಬಲವಾದ ವಾದ ಅಂಗರಚನೆಯಿಂದ ಬರುತ್ತದೆ, ದೊಡ್ಡವರ ಹೆಸರಿನಿಂದಲ್ಲ.

ಬಂಡೆಯ ಮೇಲೆ ಈ ಬಲ ನೇರವಾಗಿ ಕೈಗೆ ಬರುವ ಜಾಗ ಒಂದಿದೆ. ಹಂಪಿಗೆ ಹೋದವರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಆನೆಗೊಂದಿ ಕಡೆಯ ಗ್ರಾನೈಟ್ ಗುಂಡುಗಳಲ್ಲಿ ನೆತ್ತಿ ಬೋಳಾಗಿ, ದುಂಡಗೆ ಇರುವವು ಬಹಳ. ಹಿಡಿಗಳನ್ನೆಲ್ಲ ಹಿಡಿದು ಅಂಚಿನವರೆಗೆ ಬಂದ ಮೇಲೆ ಮುಂದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಅಂಗೈಯನ್ನು ಬಂಡೆಯ ಮೇಲೆ ಚಪ್ಪಟೆ ಊರಿ, ಮೊಣಕೈ ಮೇಲೆ ಬರುವಂತೆ ತಿರುಗಿಸಿ, ಈಜುಕೊಳದಿಂದ ದಡಕ್ಕೆ ಏರುವವರ ಹಾಗೆ ಮೈಯನ್ನು ಕೈಯ ಮೇಲೆ ಒತ್ತಿ ಎತ್ತಬೇಕು. ಕ್ಲೈಂಬರ್‌ಗಳು ಇದನ್ನು ಮ್ಯಾಂಟಲ್ ಎನ್ನುತ್ತಾರೆ. ಕೆಳಗಿನ ಕಠಿಣ ಭಾಗವನ್ನೆಲ್ಲ ಸರಾಗವಾಗಿ ಏರಿ ಬಂದ ಬಲಶಾಲಿಗಳು ಇಲ್ಲಿ ಹೊಟ್ಟೆಯ ಮೇಲೆ ಹೊರಳಾಡುವುದನ್ನು, ಮೊಣಕಾಲು ತರಚಿಕೊಳ್ಳುವುದನ್ನು ನೋಡುವಾಗ ಸಂಕಟವಾಗುತ್ತದೆ, ಏಕೆಂದರೆ ಇಲ್ಲಿ ಬೀಳುವುದು ಗುಂಡಿನ ತುದಿಯಿಂದ. ಎಳೆಯುವ ಕೈ ಸುಸ್ತಾಗಿರುವಾಗ ತಳ್ಳುವ ಕೈಯಲ್ಲಿ ಬಲ ಉಳಿದಿರಬೇಕು. ಹಿಂದಕ್ಕೆ ಮಡಚಿದ ಮಣಿಕಟ್ಟಿನ ಮೇಲೆ ಭಾರ ಹಾಕುವ ಧೈರ್ಯವೂ ಬೇಕು. ಹ್ಯಾಂಡ್‌ಸ್ಟ್ಯಾಂಡ್ ಮಾಡುವವರಿಗೆ ಇವೆರಡೂ ಪರಿಚಿತ. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಅಂಗೈಗಳನ್ನು ಆಚೀಚೆ ಒತ್ತಿಕೊಂಡು ಏರುವಾಗಲೂ ಕೆಲಸ ಮಾಡುವುದು ಇದೇ ಬಲ.

ಇನ್ನು ಹೊಟ್ಟೆಯ ಬಿಗಿ. ಹೊರಚಾಚಿದ ಬಂಡೆಯಲ್ಲಿ ಕಾಲು ತಪ್ಪಿ ಮೈ ಜೋಕಾಲಿಯಾದಾಗ, ಕಾಲನ್ನು ಮತ್ತೆ ಬಂಡೆಗೆ ತಂದು ಇಡಿಸುವುದು ಪಕ್ಕೆಲುಬಿನಿಂದ ಸೊಂಟದವರೆಗಿನ ಬಿಗಿ. ನೇರವಾಗಿ ಕೈ ಮೇಲೆ ನಿಲ್ಲಲು ಬೇಕಾಗುವುದೂ ಪಕ್ಕೆಲುಬು ಒಳಗೆಳೆದು, ಪೃಷ್ಠ ಬಿಗಿದು, ಕಾಲ ಬೆರಳವರೆಗೆ ಒಂದೇ ಕೋಲಾಗುವ ಸ್ಥಿತಿ. ಆದರೆ ಒಂದು ವ್ಯತ್ಯಾಸವಿದೆ. ಕೈ ಮೇಲೆ ನಿಂತವರ ಹೊಟ್ಟೆಯ ಮೇಲೆ ಬೀಳುವ ಹೊರೆ ಬಹಳ ಕಡಿಮೆ, ಕೋಲು ನೆಟ್ಟಗೆ ನಿಂತಿರುವುದರಿಂದ. ಓವರ್‌ಹ್ಯಾಂಗ್‌ನಲ್ಲಿ ಅದೇ ಕೋಲು ಅಡ್ಡಲಾಗಿ ತೂಗುತ್ತಿರುತ್ತದೆ. ಆದ್ದರಿಂದ ಇಲ್ಲಿ ಕಲಿಯುವುದು ಮೈಯನ್ನು ಜೋಡಿಸಿಕೊಳ್ಳುವ ಕ್ರಮವನ್ನು, ಬಲವನ್ನಲ್ಲ. ಬಲ ಬೇಕಾದವರು ಬಾರಿಗೆ ತೂಗಿ ಕಾಲೆತ್ತುವ ವ್ಯಾಯಾಮವನ್ನೇ ಮಾಡಬೇಕು.

ಸಮತೋಲನದ ಲಾಭವೂ ಇದೇ ತರಹದ್ದು, ಹೇಳುವಷ್ಟು ಇಲ್ಲ. ಕೆರ್ವಿನ್ ಮತ್ತು ಟ್ರೆವಾರ್ಥಾ ಎಂಬ ಬ್ರಿಟಿಷ್ ಸಂಶೋಧಕರು 2001ರಲ್ಲಿ ಜಿಮ್ನಾಸ್ಟರು ತಲೆಕೆಳಗೆ ನಿಂತಾಗ ಹೇಗೆ ಬೀಳದೆ ಉಳಿಯುತ್ತಾರೆ ಎಂದು ಅಳೆದರು. ಹೆಚ್ಚಿನ ಕೆಲಸವನ್ನು ಮಾಡುವುದು ಮಣಿಕಟ್ಟು, ಹೆಗಲೂ ಸೊಂಟವೂ ಅದರ ಸಹಾಯಕ್ಕೆ ಬರುತ್ತವೆ. ಮೈ ಬೆನ್ನಿನ ಕಡೆಗೆ ವಾಲಿದರೆ ಬೆರಳುಗಳಿಂದ ನೆಲ ಒತ್ತಬೇಕು, ಹೊಟ್ಟೆಯ ಕಡೆಗೆ ವಾಲಿದರೆ ಅಂಗೈಯ ಬುಡಕ್ಕೆ ಭಾರ ತರಬೇಕು. ನಿಂತವರ ಪಾದ ಮಾಡುವ ಕೆಲಸವನ್ನೇ ಕೈ ಮಾಡುತ್ತದೆ. ಬಹಳ ಸೊಗಸಾದ ಕೌಶಲ ಇದು, ಆದರೆ ಸಮತೋಲನದ ಕಲಿಕೆ ಆಯಾ ಭಂಗಿಗೆ ಅಂಟಿಕೊಳ್ಳುತ್ತದೆ. ಸಾವನದುರ್ಗದ ಇಳಿಜಾರು ಬಂಡೆಯಲ್ಲಿ ಒಂದು ಕಾಲ ತುದಿಯ ಮೇಲೆ ನಿಲ್ಲುವುದನ್ನು ಕಲಿಸುವುದು ಸಾವನದುರ್ಗವೇ. ಹ್ಯಾಂಡ್‌ಸ್ಟ್ಯಾಂಡ್ ಮಾಡಿದ್ದರಿಂದ ಅಲ್ಲಿ ಕಾಲು ಜಾರುವುದು ನಿಲ್ಲುತ್ತದೆಂದು ನಂಬಬೇಕಿಲ್ಲ.

ತಲೆಕೆಳಗಾಗಿ ಇರುವ ಅಭ್ಯಾಸ ಮಾತ್ರ ಕೆಲವರಿಗೆ ನಿಜವಾಗಿ ಬೇಕಾಗುತ್ತದೆ. ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ ಚೆಕ್ ದೇಶದ ಆಡಮ್ ಒಂಡ್ರಾ 2017ರಲ್ಲಿ ಹತ್ತಿದ ‘ಸೈಲೆನ್ಸ್’, 9ಸಿ ದರ್ಜೆ ಕೊಡಲಾದ ಮೊದಲ ದಾರಿ, ತನ್ನ ಅತಿ ಕಠಿಣ ಭಾಗದಲ್ಲಿ ಕಾಲು ಮುಂದಾಗಿ ತಲೆಕೆಳಗಾಗಬೇಕಾದ ಚಲನೆಗಳನ್ನು ಕೇಳುತ್ತದೆ. ಯೂಟಾ ರಾಜ್ಯದ ‘ಸೆಂಚುರಿ ಕ್ರ್ಯಾಕ್’ ಎಂಬ ಚಾವಣಿಯ ಬಿರುಕನ್ನು 2011ರಲ್ಲಿ ಹತ್ತಿದ ಇಂಗ್ಲೆಂಡಿನ ಟಾಮ್ ರ‍್ಯಾಂಡಲ್ ಮತ್ತು ಪೀಟ್ ವಿಟೇಕರ್ ಪಾದಗಳನ್ನು ಬಿರುಕಿಗೆ ಸಿಕ್ಕಿಸಿ ಬಾವಲಿಯಂತೆ ತೂಗಿಕೊಂಡು ಸಾಗಿದರು. ಚಿತ್ರದುರ್ಗದ ಕೋಟೆಯ ಗೋಡೆಗಳಲ್ಲಿ ತಲೆಕೆಳಗಾಗಿ ತೂಗುವ ಜ್ಯೋತಿರಾಜ್ ಅವರನ್ನು ಕನ್ನಡಿಗರೆಲ್ಲ ಬಲ್ಲರು. ಮೊದಲ ಸಲ ತಲೆಕೆಳಗಾದಾಗ ಎಡ ಬಲ ಗೊತ್ತಾಗದೆ, ಉಸಿರು ಬಿಗಿಹಿಡಿದು, ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ತಡಬಡಾಯಿಸುವುದು ಸಹಜ. ಆ ಗಾಬರಿಯನ್ನು ನೆಲದ ಮೇಲೆಯೇ ಕಳೆದುಕೊಳ್ಳುವುದು ಒಳ್ಳೆಯದು.

ಈಗ ತಪ್ಪು ಮಾತಿಗೆ ಬರುತ್ತೇನೆ. ಬೆರಳು, ಮುಂಗೈ, ಮೊಣಕೈಯ ನೋವಿಗೂ ಹ್ಯಾಂಡ್‌ಸ್ಟ್ಯಾಂಡ್ ಮದ್ದು ಎಂದು ಹೇಳುವವರಿದ್ದಾರೆ. ಎಳೆಯುವುದಕ್ಕೆ ತಳ್ಳುವುದು ವಿರುದ್ಧ, ಹಾಗಾಗಿ ಮುಂಗೈಯ ಎದುರು ಪಕ್ಷದ ಸ್ನಾಯುಗಳೂ ಬಲಿಯುತ್ತವೆ ಎಂಬುದು ಅವರ ತರ್ಕ. ಮೇಲೆ ಹೇಳಿದ ಸಮತೋಲನದ ರೀತಿಯನ್ನು ನೆನಪಿಗೆ ತಂದುಕೊಳ್ಳಿ. ಬೀಳದಿರಲು ಬೆರಳುಗಳಿಂದ ನೆಲವನ್ನು ಒತ್ತುತ್ತೇವೆ. ಒತ್ತುವುದು ಯಾವ ಸ್ನಾಯು? ಬಂಡೆಯ ಹಿಡಿಯನ್ನು ಹಿಡಿಯುವ ಅದೇ ಸ್ನಾಯು, ಮುಂಗೈಯ ಒಳಬದಿಯದು. ಬೆರಳು ಬಿಚ್ಚುವ, ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಹೊರಬದಿಯ ಸ್ನಾಯುಗಳಿಗೆ ಇಲ್ಲಿ ಸಿಗುವ ಕೆಲಸ ಅಲ್ಪ. ಎದುರು ಪಕ್ಷ ಬಲಿಯುವುದು ಹೆಗಲಿನಲ್ಲಿ, ಮೊಣಕೈ ನೆಟ್ಟಗೆ ಹಿಡಿಯುವ ರಟ್ಟೆಯ ಹಿಂಬದಿಯಲ್ಲಿ. ಅಲ್ಲಿಂದ ಕೆಳಕ್ಕೆ ಅದು ಇಳಿಯುವುದಿಲ್ಲ. ಮಣಿಕಟ್ಟಿನ ಹೊರಬದಿಗೆ ಬೇಕಾದ್ದು ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚುವುದು, ಅಂಗೈ ಕೆಳಮುಖವಾಗಿ ಹಗುರ ಡಂಬೆಲ್ ಹಿಡಿದು ಮಣಿಕಟ್ಟು ಎತ್ತುವುದು. ಐದು ನಿಮಿಷದ ಕೆಲಸ, ಆದರೆ ನೋಡಲು ಚೆನ್ನಾಗಿರದ ಕಾರಣ ಯಾರೂ ಮಾಡುವುದಿಲ್ಲ. ಹಾಗೆಯೇ ಬೆರಳಿನ ಸ್ನಾಯುರಜ್ಜನ್ನು ಮೂಳೆಗೆ ಅಂಟಿಸಿ ಹಿಡಿಯುವ ಪುಲ್ಲಿಗಳು ಹರಿಯುವುದನ್ನು ಹ್ಯಾಂಡ್‌ಸ್ಟ್ಯಾಂಡ್ ತಪ್ಪಿಸದು. ಉಂಗುರ ಬೆರಳಿನ ಬುಡದ ಎ2 ಪುಲ್ಲಿ ಕ್ಲೈಂಬರ್‌ಗಳು ಅತಿ ಹೆಚ್ಚು ಗಾಯ ಮಾಡಿಕೊಳ್ಳುವ ಜಾಗಗಳಲ್ಲಿ ಒಂದು. ಅದಕ್ಕೆ ಬೇಕಾದ್ದು ಹದವರಿತು ಹೊರೆ ಏರಿಸುವುದು, ಸಾಕಷ್ಟು ವಿಶ್ರಾಂತಿ.

ಹಾನಿಯ ಮಾತೂ ಆಗಬೇಕು. 60 ಕಿಲೊ ತೂಗುವವರು ನಿಂತಾಗ ಒಂದೊಂದು ಮಣಿಕಟ್ಟಿನ ಮೇಲೂ ಸುಮಾರು 30 ಕಿಲೊ ಬೀಳುತ್ತದೆ, ಅದೂ ಮಣಿಕಟ್ಟು ಹಿಂದಕ್ಕೆ 90 ಡಿಗ್ರಿಯ ಹತ್ತಿರ ಮಡಚಿರುವಾಗ. ಕ್ಲೈಂಬರ್‌ಗಳ ಮುಂಗೈ ಒಳಬದಿ ಬಿಗಿದಿರುವುದರಿಂದ ಆ ಮಡಿಕೆ ಅವರಿಗೆ ಸುಲಭವಾಗಿ ಸಿಗುವುದಿಲ್ಲ. ಮಣಿಕಟ್ಟಿನ ಮೇಲ್ಭಾಗದಲ್ಲಿ ಚಿವುಟಿದಂತಾಗುವುದು ನಿಲ್ಲಿಸು ಎನ್ನುವ ಸೂಚನೆ. ಕಿರುಬೆರಳಿನ ಕಡೆಯ ಮಣಿಕಟ್ಟಿನಲ್ಲಿ ಮೊದಲೇ ಪೆಟ್ಟಾದವರು ನೆಲಕ್ಕೆ ಅಂಗೈ ಊರದೆ, ಎರಡು ಪ್ಯಾರಲೆಟ್ ಹಿಡಿಗಳನ್ನು ಹಿಡಿದು ಮಣಿಕಟ್ಟು ನೇರವಿಟ್ಟುಕೊಂಡು ನಿಲ್ಲಬಹುದು. ಬೆಳೆಯುವ ಮಕ್ಕಳ ವಿಷಯದಲ್ಲಿ ನಾನು ಬಹಳ ಎಚ್ಚರ ಬಯಸುತ್ತೇನೆ. ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಇನ್ನೂ ಮೃದುವಾಗಿರುವ ವಯಸ್ಸಿನಲ್ಲಿ, ಜಿಮ್ನಾಸ್ಟ್ ಮಕ್ಕಳಿಗೆ ಮಣಿಕಟ್ಟಿನ ಪದರಕ್ಕೂ ಕ್ಲೈಂಬಿಂಗ್ ಮಕ್ಕಳಿಗೆ ಬೆರಳಿನ ನಡುಗೆಣ್ಣಿನ ಪದರಕ್ಕೂ ಪೆಟ್ಟಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹನ್ನೆರಡು ಹದಿಮೂರರ ಹುಡುಗಿ ವಾರಕ್ಕೆ ನಾಲ್ಕು ದಿನ ಗೋಡೆ ಹತ್ತಿ, ಉಳಿದ ದಿನ ಹ್ಯಾಂಡ್‌ಸ್ಟ್ಯಾಂಡ್ ಮಾಡುತ್ತಾಳೆಂದರೆ ಅವಳ ಕೈಗೆ ಒಂದು ದಿನವೂ ಬಿಡುವಿಲ್ಲ.

ಕಣ್ಣಿನ ಒತ್ತಡ ಇರುವವರು, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು ಇದಕ್ಕೆ ಕೈ ಹಾಕಬಾರದು. ಚೆನ್ನೈನ ಕಣ್ಣಿನ ವೈದ್ಯರು 2006ರಲ್ಲಿ 75 ಯೋಗಾಭ್ಯಾಸಿಗಳನ್ನು ಪರೀಕ್ಷಿಸಿದಾಗ, ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಎರಡು ಪಟ್ಟಾಗುವುದು ಕಂಡಿತು. ಕೈ ಮೇಲೆ ನಿಂತಾಗಲೂ ತಲೆ ಹೃದಯಕ್ಕಿಂತ ಕೆಳಗೇ ಇರುತ್ತದೆ. ಗ್ಲಾಕೋಮಾ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಶೀರ್ಷಾಸನ ಸುಲಭ, ಅದನ್ನೇ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಕ್ಲೈಂಬರ್‌ಗಳಿಗೆ ಅದು ಬೇಡ ಎನ್ನುತ್ತೇನೆ. ಜೊತೆಗಾರನಿಗೆ ಹಗ್ಗ ಹಿಡಿದು ಗಂಟೆಗಟ್ಟಲೆ ಕತ್ತು ಮೇಲೆತ್ತಿ ನಿಂತು ಅವರ ಕತ್ತು ಮೊದಲೇ ದಣಿದಿರುತ್ತದೆ. ಅದರ ಮೇಲೆ ಮೈಯ ಭಾರ ಹೊರಿಸುವುದರಲ್ಲಿ ಲಾಭವಿಲ್ಲ, ಹೆಗಲಿಗೆ ಬೇಕಾದ ತಳ್ಳುವ ಕೆಲಸವೂ ಅಲ್ಲಿ ಅಷ್ಟಾಗಿ ಸಿಗದು. ಹ್ಯಾಂಡ್‌ಸ್ಟ್ಯಾಂಡ್‌ನಲ್ಲೂ ನೆಲ ನೋಡಲು ಕತ್ತನ್ನು ಪೂರ್ತಿ ಹಿಂದಕ್ಕೆ ಎಸೆಯಬಾರದು, ಎರಡು ಹೆಬ್ಬೆರಳುಗಳ ನಡುವಿನ ಜಾಗವನ್ನು ಕಣ್ಣೆತ್ತಿ ನೋಡಿದರೆ ಸಾಕು.

ಎಷ್ಟು, ಯಾವಾಗ ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ವಾರಕ್ಕೆ ಎರಡು ಮೂರು ದಿನ, ಒಂದು ಸಲಕ್ಕೆ ಹತ್ತು ನಿಮಿಷ. ಬಂಡೆ ಹತ್ತುವ ಮುಂಚೆ ಮಾಡಿದರೆ ಹೆಗಲು ದಣಿದು ಹಿಡಿ ತಪ್ಪುತ್ತದೆ, ಚೆನ್ನಾಗಿ ಹತ್ತಿದ ದಿನದ ಕೊನೆಗೆ ಮಾಡಿದರೆ ಸೋತ ಕೈ ಮಡಚಿಕೊಂಡು ತಲೆ ನೆಲಕ್ಕೆ ಬಡಿಯುತ್ತದೆ. ಹತ್ತದ ದಿನ ಬೆಳಿಗ್ಗೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಮೊದಲು ಮಂಡಿಯೂರಿ ಅಂಗೈ ನೆಲಕ್ಕಿಟ್ಟು ಭಾರವನ್ನು ಹಿಂದೆ ಮುಂದೆ ತೂಗಿಸುತ್ತ ಮಣಿಕಟ್ಟನ್ನು ಬೆಚ್ಚಗಾಗಿಸಿ. ಆಮೇಲೆ ಅಧೋಮುಖ ಶ್ವಾನಾಸನ, ಅದರಲ್ಲೇ ಹೆಗಲನ್ನು ಕಿವಿಯತ್ತ ಎತ್ತಿ ಇಳಿಸುವುದು. ನಂತರ ಸೊಂಟದ ಎತ್ತರಕ್ಕೆ ಕಾಲನ್ನು ಗೋಡೆಗೆ ಕೊಟ್ಟು ಮೈಯನ್ನು ತಿರುವಿದ ‘ಎಲ್’ ಅಕ್ಷರದಂತೆ ಹಿಡಿಯುವುದು. ಅದು 30 ಸೆಕೆಂಡು ನಿಂತರೆ, ಗೋಡೆಗೆ ಎದೆ ಕೊಟ್ಟು, ಕಾಲಿನಿಂದ ಗೋಡೆ ಏರುತ್ತ ಕೈಗಳನ್ನು ಗೋಡೆಯ ಹತ್ತಿರಕ್ಕೆ ತರುವುದು. ಹೆಚ್ಚಿನವರು ಗೋಡೆಗೆ ಬೆನ್ನು ಕೊಟ್ಟು ಕಾಲು ಚಿಮ್ಮಿ ನಿಲ್ಲುತ್ತಾರೆ. ಹಾಗೆ ನಿಂತರೆ ಸೊಂಟ ಬಳುಕುವ ಹಳೆಯ ಚಾಳಿಯೇ ಬಲಿಯುತ್ತದೆ. ಎದೆ ಗೋಡೆಯತ್ತ ಇದ್ದರೆ ಬಳುಕಲು ಜಾಗವೇ ಇರುವುದಿಲ್ಲ.

ಗೋಡೆಯ ಆಸರೆಯಲ್ಲಿ ಒಂದು ನಿಮಿಷ ನೇರ ನಿಲ್ಲುವಷ್ಟು ಬಂದರೆ ಹೆಗಲಿಗೆ ಬೇಕಾದ ಲಾಭದ ಬಹುಪಾಲು ಕೈಸೇರಿದೆ. ಗೋಡೆ ಬಿಟ್ಟು ನಿಲ್ಲುವುದು ಬೇರೆಯೇ ಹಟ, ದೊಡ್ಡವರಾದ ಮೇಲೆ ಶುರುಮಾಡಿದವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನನಗೆ ಒಂದೂವರೆ ವರ್ಷ ಹಿಡಿಯಿತು. ಅದಕ್ಕಿಂತ ಎಷ್ಟೋ ಮುಂಚೆ, ಗೋಡೆಯ ಮುಂದಿನ ನಾಲ್ಕನೇ ತಿಂಗಳಲ್ಲೇ, ಅಟ್ಟದ ಡಬ್ಬ ತೆಗೆಯುವಾಗ ಚುಚ್ಚುವುದು ನಿಂತಿತ್ತು. ನೋವು ಇರುವವರು ಮೊದಲು ಫಿಸಿಯೊಥೆರಪಿಸ್ಟರಿಗೆ ತೋರಿಸಬೇಕು. ಹರಿದ ಸ್ನಾಯುರಜ್ಜಿನ ಮೇಲೆ ನಿಂತರೆ ಅದು ಇನ್ನಷ್ಟು ಹರಿಯುತ್ತದೆ.

ಗೋಡೆಯಿಂದ ಬಿಡಿಸಿಕೊಳ್ಳುವ ಮುಂಚೆ ಕಲಿಯಬೇಕಾದ್ದು ಬೀಳುವುದನ್ನು. ಬೆನ್ನಿನ ಕಡೆಗೆ ಮೈ ದಾಟಿಹೋದಾಗ ಗಾಬರಿಯಿಂದ ಮೊಣಕೈ ಮಡಚದೆ, ಒಂದು ಕೈಯನ್ನು ಎತ್ತಿ ಮುಂದಿಟ್ಟು, ಸೊಂಟವನ್ನು ಪಕ್ಕಕ್ಕೆ ತಿರುಗಿಸಿ, ಒಂದರ ಹಿಂದೊಂದು ಕಾಲು ನೆಲಕ್ಕೆ ಬರುವಂತೆ ಮಾಡಬೇಕು. ಬೌಲ್ಡರಿಂಗ್‌ನ ದಪ್ಪ ಹಾಸಿಗೆಯ ಮೇಲೆ ಇಪ್ಪತ್ತು ಮೂವತ್ತು ಸಲ ಬೇಕೆಂದೇ ಬಿದ್ದರೆ ಇದು ಮೈಗೆ ಹತ್ತುತ್ತದೆ. ಬಂಡೆ ಹತ್ತುವವರಲ್ಲಿ ಕೈಯಲ್ಲಿ ಬಲವಿದ್ದೂ ಮುಂದಿನ ಹಿಡಿಗೆ ಚಾಚದವರು ಎಷ್ಟೋ ಜನ. ಬೀಳುವ ಭಯ ಅವರನ್ನು ಹಿಂದಕ್ಕೆ ಹಿಡಿದಿರುತ್ತದೆ. ಇಲ್ಲಿ ಹಾಸಿಗೆಯ ಮೇಲೆ ಪಕ್ಕಕ್ಕೆ ತಿರುಗಿ ಕಾಲೂರಿದವರಿಗೆ, ಬೀಳುವುದಕ್ಕೂ ಒಂದು ದಿಕ್ಕು ಇದೆ, ಅದನ್ನು ತಾನೇ ಆರಿಸಿಕೊಳ್ಳಬಹುದು ಎಂಬುದು ಮೈಯ ಮೂಲಕವೇ ತಿಳಿಯುತ್ತದೆ. ನಾನು ಹತ್ತುವ ಗುಂಪಿನಲ್ಲಿ ಹೊಸಬರಿಗೆ ಈಗ ಮೊದಲು ಮಾಡಿಸುವುದು ಇದನ್ನೇ. ಒಬ್ಬರು ಹಾಸಿಗೆಯ ಅಂಚಿನಲ್ಲಿ ಮಂಡಿಯೂರಿ ಕುಳಿತಿರುತ್ತಾರೆ, ಇನ್ನೊಬ್ಬರು ಕಾಲು ಚಿಮ್ಮುತ್ತಾರೆ, ಉಳಿದವರು ತಮ್ಮ ಸರದಿಗೆ ಕಾಯುತ್ತ ಮಣಿಕಟ್ಟು ತಿರುಗಿಸುತ್ತ ನಿಂತಿರುತ್ತಾರೆ.